ಹನ್ನೆರಡು ಮನೆಗೆ ಒಂದೇ ಬಾವಿ: ಎಷ್ಟು ಲೀಟರಿನ ಟ್ಯಾಂಕ್ ಬೇಕು?

ಉಡುಪಿ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು.

ಟ್ಯಾಂಕ್ ಆಮೇಲೆ ನೋಡೋಣ. ಮೇ ತಿಂಗಳಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರಿರುತ್ತದೆ? ಜುಲೈಯಲ್ಲಿ ಕಟ್ಟೆಯ ಹತ್ತಿರದವರೆಗೆ ತುಂಬಿದ್ದನ್ನು ನೋಡಿ ಮೋಸ ಹೋಗಬೇಡಿ, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ನೆಲ ಮಳೆನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ತೋಡಿಗೆ ಬಿಟ್ಟುಬಿಡುತ್ತದೆ. ಮೇ 24ರ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಗೆ ಹತ್ತು ದಿನ ಇರುವಾಗ ಒಂದು ಸಂಜೆ ಪಂಪ್ ಹಾಕಿ ನೀರನ್ನು ತಳದ ಹತ್ತಿರಕ್ಕೆ ಇಳಿಸಿ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟಿಸಿ, ಒದ್ದೆಯಾದಷ್ಟು ಉದ್ದ ಅಳೆಯಿರಿ. ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. 3 ಮೀಟರ್ ಅಗಲದ ಬಾವಿಯಲ್ಲಿ 10 ಸೆಂಟಿಮೀಟರ್ ಏರಿದ್ದರೆ ಸುಮಾರು 700 ಲೀಟರ್ ಒರತೆ ಇದೆ ಅಂತ ಲೆಕ್ಕ.

ಮನೆಗೆ ಐದು ಜನ ಅಂದರೆ 60 ಜನ. ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್, ಆದರೆ ಸೆಕೆಗಾಲದಲ್ಲಿ ಎರಡು ಸಲ ಸ್ನಾನ ಮಾಡುವವರು ನಾವು, 100 ಹಿಡಿಯಿರಿ. ಒಟ್ಟು 6000 ಲೀಟರ್, ಅಂದರೆ ಆ ಬಾವಿಯ ಎಂಟೊಂಬತ್ತು ಗಂಟೆಯ ಒರತೆ. ಸಾಕು. ತೋಟಕ್ಕೆ ಮಾತ್ರ ಈ ಲೈನಿನಿಂದ ಒಂದು ಹನಿ ಕೊಡಬೇಡಿ. ದಿನಕ್ಕೆ ಎರಡು ಸಲ ಪಂಪ್ ಹಾಕುವುದಾದರೆ 5000 ಲೀಟರಿನ ಟ್ಯಾಂಕ್ ಧಾರಾಳ ಆಯಿತು.

ಟ್ಯಾಂಕಿನ ಗಾತ್ರಕ್ಕಿಂತ ಅದು ಕೂರುವ ಜಾಗ ಮುಖ್ಯ. ಪಕ್ಕದಲ್ಲೇ ಗುಡ್ಡ ಇರುವಾಗ ಕಾಂಕ್ರೀಟ್ ಕಂಬಕ್ಕೆ ಸುಮ್ನೆ ಯಾಕೆ ದುಡ್ಡು ಸುರಿಯಬೇಕು, ಅಲ್ವಾ? 10 ಮೀಟರ್ ಎತ್ತರದಲ್ಲಿದ್ದರೆ ನಳ್ಳಿಯಲ್ಲಿ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಸಿಗುತ್ತದೆ. ಎಲ್ಲರಿಗಿಂತ ಮೇಲಿನ ಮನೆಗೂ ಟ್ಯಾಂಕಿನ ತಳ ಐದಾರು ಮೀಟರ್ ಮೇಲಿರಲಿ. ನಮ್ಮ ಓಣಿಯಲ್ಲಿ ಇದನ್ನು ನೋಡಿರಲಿಲ್ಲ. ಕೆಳಗಿನ ಮನೆಯವರು ಬಟ್ಟೆ ಒಗೆಯಲು ಕೂತರೆ ಮೇಲಿನ ಮನೆಯ ನಳ್ಳಿ ಬುಸ್ಸ್ ಅಂತ ಗಾಳಿ ಬಿಡುತ್ತಿತ್ತು. ಕೊನೆಗೆ ಕೆಳಗಿನ ಸಾಲಿಗೆ ಬೇರೆ ಲೈನ್ ಎಳೆದು ಗೇಟ್ ವಾಲ್ವ್ ಹಾಕಿ ಅರ್ಧ ತಿರುಗಿಸಿಟ್ಟೆವು.

ಮುಖ್ಯ ಪೈಪ್ 50 ಮಿಲಿಮೀಟರಿನ ಪಿವಿಸಿ ಇರಲಿ. ನಮ್ಮ ಬಾವಿನೀರು ಸ್ವಲ್ಪ ಹುಳಿ, ಕಬ್ಬಿಣದ ಪೈಪನ್ನು ತಿಂದುಹಾಕುತ್ತದೆ. ಮನೆಗೊಂದು ಮೀಟರ್ ಮೊದಲ ದಿನವೇ ಕೂರಿಸಿ, ಕರೆಂಟ್ ಬಿಲ್ ಹಂಚುವಾಗ ಅದರ ಬೆಲೆ ಗೊತ್ತಾಗುತ್ತದೆ.

ಮೊದಲ ಮಳೆ ಬಿದ್ದ ಮೇಲೆ ನೀರು ಕೆಂಪಾದರೆ ತಿಳಿಯಾಗುವ ತನಕ ಪಂಪ್ ಹಾಕಬೇಡಿ. ಆಮೇಲೆ 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಒಂದು ಗಂಟೆ ಬಿಟ್ಟು ನೀರು ಬಿಡಿ.