ಬೆರಳು ಆಡಿಸಿದರೆ ಭಯ ಹೋಗುತ್ತಾ?

ಕೋಣೆಯಲ್ಲಿ ಎರಡು ಕುರ್ಚಿ. ಎದುರುಬದುರು ಅಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿವೆ. ಒಂದರಲ್ಲಿ ಥೆರಪಿಸ್ಟ್. ಇನ್ನೊಂದರಲ್ಲಿ, ವರ್ಷಗಳ ಹಿಂದೆ ಆದ ರಸ್ತೆ ಅಪಘಾತದಿಂದ ಇನ್ನೂ ಹೊರಬರಲಾಗದ ಒಬ್ಬರು. "ಆ ದೃಶ್ಯ ಮನಸ್ಸಿಗೆ ತಂದುಕೊಳ್ಳಿ. ತಲೆ ಅಲುಗಿಸಬೇಡಿ, ಕಣ್ಣಲ್ಲಿ ಮಾತ್ರ ನನ್ನ ಬೆರಳು ಹಿಂಬಾಲಿಸಿ." ಎರಡು ಬೆರಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಅರ್ಧ ನಿಮಿಷ ಆದ ಮೇಲೆ ನಿಲ್ಲುತ್ತದೆ. "ಈಗ ಏನು ಬಂತು?" ಹೇಳಿದ್ದನ್ನು ಕೇಳಿ, ಮತ್ತೆ ಬೆರಳು.

ಇದರ ವಿಡಿಯೋ ಮೊದಲ ಸಲ ನೋಡಿದಾಗ ನನಗೆ ನಮ್ಮಜ್ಜಿ ನೆನಪಾದರು. ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಅವರು ದೃಷ್ಟಿ ತೆಗೆಯುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೇ ಕಾಣುತ್ತಿತ್ತು. ನಕ್ಕು ಮುಂದೆ ಹೋಗುತ್ತಿದ್ದೆನೋ ಏನೋ. ಆದರೆ ಆಘಾತದ ನಂತರ ಕಾಡುವ ಮಾನಸಿಕ ತೊಂದರೆಗೆ, ಅಂದರೆ ಪಿಟಿಎಸ್‌ಡಿಗೆ, ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸೂಚಿಸಿದ ಚಿಕಿತ್ಸೆಗಳಲ್ಲಿ ಇದೂ ಒಂದು. ಹೆಸರು ಉದ್ದ: ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಶನ್ ಅಂಡ್ ರೀಪ್ರೊಸೆಸಿಂಗ್. ಎಲ್ಲರೂ ಇಎಂಡಿಆರ್ ಅನ್ನುತ್ತಾರೆ.

ಇದು ಹುಟ್ಟಿದ್ದು ಪಾರ್ಕಿನಲ್ಲಿ. 1987ರಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಗಾಟೋಸ್ ಎಂಬ ಊರಿನಲ್ಲಿ ಫ್ರಾನ್ಸಿನ್ ಶಪಿರೋ ಎಂಬ ಮನಶ್ಶಾಸ್ತ್ರ ವಿದ್ಯಾರ್ಥಿನಿ ವಾಕಿಂಗ್ ಹೋಗಿದ್ದರು. ತಲೆಯಲ್ಲಿ ಏನೇನೋ ಚಿಂತೆ. ಸ್ವಲ್ಪ ಹೊತ್ತಿಗೆ ಆ ಚಿಂತೆಗಳ ಮೊನೆ ಮೊಂಡಾದ ಹಾಗೆ ಅನಿಸಿತಂತೆ. ಗಮನಿಸಿದರೆ, ಚಿಂತೆ ಬಂದಾಗೆಲ್ಲ ತಮ್ಮ ಕಣ್ಣು ತಾನಾಗಿಯೇ ಆಚೀಚೆ ಓಡಾಡುತ್ತಿತ್ತು. ಬೇರೆಯವರ ಮೇಲೂ ಪ್ರಯತ್ನಿಸಿದರು. 1989ರಲ್ಲಿ 22 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಒಂದೇ ಸಲದ ಚಿಕಿತ್ಸೆಗೆ ಅವರ ಸಂಕಟ ತುಂಬಾ ಇಳಿದಿತ್ತು ಎಂಬುದು ಆ ವರದಿ. ಸಣ್ಣ ಅಧ್ಯಯನ, ದೊಡ್ಡ ಮಾತು. ಅನುಮಾನ ಹುಟ್ಟಿದ್ದು ಸಹಜವೇ.

ಅನುಮಾನಕ್ಕೆ ಮುಂಚೆ ಕಾಯಿಲೆಯ ಬಗ್ಗೆ ಒಂದು ಮಾತು. ಕೆಟ್ಟ ಘಟನೆ ಎಲ್ಲರ ಬದುಕಲ್ಲೂ ಆಗುತ್ತದೆ. ಬಹುಪಾಲು ಜನರಿಗೆ ಅದು ಕ್ರಮೇಣ ಹಳತಾಗುತ್ತದೆ. ಕೆಲವರಿಗೆ ಮಾತ್ರ ಹಳತಾಗುವುದೇ ಇಲ್ಲ. ಎಲ್ಲೋ ಟಯರ್ ಕಿರುಚಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಲಾರಿ ಈಗಲೇ ಮೈಮೇಲೆ ಬರುತ್ತಿದೆ ಅನಿಸುತ್ತದೆ. ಅದು ಹಿಂದೆ ಆಗಿಹೋದದ್ದು ಎಂಬ ಗುರುತು ಆ ನೆನಪಿಗೆ ಅಂಟಿರುವುದಿಲ್ಲ. ವಿಯೆಟ್ನಾಂ ಯುದ್ಧದಿಂದ ವಾಪಸಾದ ಸೈನಿಕರ ಪಾಡು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ ಎಂಬ ಹೆಸರು ಸೇರಿತು.

ಚಿಕಿತ್ಸೆ ಅಂದರೆ ಬರೀ ಬೆರಳಾಟ ಅಲ್ಲ. ಒಟ್ಟು 8 ಹಂತ, ಬೆರಳು ಬರುವುದು ಅದರ ನಡುವೆ. ಮೊದಲು ಹಿಂದಿನ ಕಥೆ ಕೇಳುತ್ತಾರೆ. ಗಾಬರಿಯಾದರೆ ಮನಸ್ಸಿನಲ್ಲೇ ಹೋಗಿ ಕೂರಲು ಒಂದು ನೆಮ್ಮದಿಯ ಜಾಗ ಹುಡುಕಿಕೊಡುತ್ತಾರೆ. ಊರ ಕೆರೆ ದಂಡೆಯೋ, ಅಡುಗೆಮನೆಯ ಮೂಲೆಯೋ, ಯಾವುದಾದರೂ ಸರಿ. ಆಮೇಲೆ ಕಾಡುವ ಆ ಒಂದು ಚಿತ್ರ, ಅದರ ಜೊತೆ ಬರುವ ಮಾತು ("ತಪ್ಪು ನನ್ನದೇ" ಅನ್ನುವಂಥದ್ದು), ಅದು ಮೈಯಲ್ಲಿ ಎಲ್ಲಿ ತಿಳಿಯುತ್ತದೆ ಎಂಬುದು. ಸಂಕಟಕ್ಕೆ 0ಯಿಂದ 10ರವರೆಗೆ ಅಂಕ. ಇಷ್ಟಾದ ಮೇಲೆ ಬೆರಳು. ಅಂಕ 0ಗೋ 1ಕ್ಕೋ ಇಳಿಯುವವರೆಗೆ ಸುತ್ತಿನ ಮೇಲೆ ಸುತ್ತು. ಒಂದು ಸೆಷನ್ 60ರಿಂದ 90 ನಿಮಿಷ.

ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಬೇರೆಯೇ. ಆದದ್ದನ್ನೆಲ್ಲ ಬಿಡಿಸಿ ಹೇಳಲೇಬೇಕು ಅಂತ ಇಲ್ಲ. ಮನೆಗೆ ಹೋಗಿ ಕೂತು ಮಾಡಬೇಕಾದ ದೊಡ್ಡ ಹೋಂವರ್ಕೂ ಇಲ್ಲ. ಆಘಾತಕ್ಕೆ ಕೊಡುವ ಇನ್ನೊಂದು ಪ್ರಮುಖ ಚಿಕಿತ್ಸೆಯಲ್ಲಿ ಇವೆರಡೂ ಉಂಟು. ಮನೆಯೊಳಗೆ ಆದದ್ದನ್ನು ಯಾರ ಮುಂದೆಯೂ ಬಾಯಿಬಿಡದೆ ಬದುಕುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಅಲ್ವಾ? ಅಂಥವರಿಗೆ ಇದು ಸಣ್ಣ ಅನುಕೂಲವಲ್ಲ.

ಈಗ ಜಗಳಕ್ಕೆ ಬರೋಣ. ಗುಣ ಕೊಡುತ್ತಿರುವುದು ಕಣ್ಣೋ, ಅಥವಾ ಭದ್ರವಾದ ಜಾಗದಲ್ಲಿ ಕೂತು ಹೆದರಿಕೆಯ ನೆನಪನ್ನು ಎದುರಿಸುವುದೋ? ಎರಡನೆಯದು ಹಳೆಯ ವಿದ್ಯೆ. ಹಾರ್ವರ್ಡ್‌ನ ರಿಚರ್ಡ್ ಮೆಕ್‌ನಾಲಿ 1999ರಲ್ಲೇ ಚುಚ್ಚಿದ್ದರು: ಇದರಲ್ಲಿ ಕೆಲಸ ಮಾಡುವುದು ಹೊಸದಲ್ಲ, ಹೊಸದು ಕೆಲಸ ಮಾಡುವುದಿಲ್ಲ. 2001ರಲ್ಲಿ 34 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಕಣ್ಣು ಆಡಿಸಿದರೂ ಒಂದೇ ಬಿಟ್ಟರೂ ಒಂದೇ ಎಂದು ಕಂಡಿತು. 2013ರಲ್ಲಿ 26 ಅಧ್ಯಯನಗಳನ್ನು ಇನ್ನೊಂದು ತಂಡ ಒಟ್ಟು ಹಾಕಿತು. ಈ ಸಲ ಕಣ್ಣಿನ ಚಲನೆಯಿಂದ ಪ್ರಯೋಜನ ಇದೆ ಎಂದು ಬಂತು. ಚಿಕಿತ್ಸೆಯಿಂದ ಗುಣ ಕಾಣುತ್ತದೆ ಎಂಬುದರಲ್ಲಿ ದೊಡ್ಡ ತಕರಾರಿಲ್ಲ. ತಕರಾರು ಇರುವುದು ಬೆರಳಿನ ಬಗ್ಗೆ.

ಎಡ ಬಲ ನೋಡಿದರೆ ಮೆದುಳಿನ ಎರಡು ಭಾಗಗಳ ನಡುವೆ ಮಾತುಕತೆ ಜಾಸ್ತಿಯಾಗುತ್ತದೆ ಎಂದು ಕೆಲವರು ಹೇಳಿದರು. ಕೇಳಲು ಚೆನ್ನಾಗಿದೆ. ಆದರೆ 2008ರ ಒಂದು ಪ್ರಯೋಗದಲ್ಲಿ ಕಣ್ಣನ್ನು ಮೇಲೆ ಕೆಳಗೆ ಆಡಿಸಿದಾಗಲೂ ನೆನಪಿನ ಕಾವು ಅಷ್ಟೇ ಇಳಿಯಿತು. ಎಡ ಬಲದ ವಾದ ಅಲ್ಲಿಗೆ ಸೊರಗಿತು.

ಈಗ ಹೆಚ್ಚು ಬಲವಾಗಿ ನಿಂತಿರುವ ವಿವರಣೆ ಇನ್ನೂ ಸರಳ. ಮನಸ್ಸಿಗೆ ಒಂದು ಪುಟ್ಟ ಸ್ಲೇಟು ಇದೆ ಅಂದುಕೊಳ್ಳಿ. ಈ ಕ್ಷಣದ ಕೆಲಸವೆಲ್ಲ ಅದರ ಮೇಲೆ. ಯಾರದೋ ಫೋನ್ ನಂಬರ್ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗುವಾಗ ಪಕ್ಕದ ಮನೆಯವರು "ಊಟ ಆಯ್ತಾ?" ಅಂದರೆ ನಂಬರ್ ಮಾಯ. ಸ್ಲೇಟು ಅಷ್ಟೇ ಚಿಕ್ಕದು. ಹಳೆಯ ನೆನಪನ್ನು ಎತ್ತಿಕೊಂಡಾಗ ಅದೂ ಈ ಸ್ಲೇಟಿನ ಮೇಲೇ ಬರಬೇಕು. ಅದೇ ಹೊತ್ತಿಗೆ ಕಣ್ಣು ಬೆರಳಿನ ಹಿಂದೆ ಓಡುತ್ತಿದ್ದರೆ ಇಬ್ಬರಿಗೂ ಜಾಗ ಸಾಲುವುದಿಲ್ಲ. ಚಿತ್ರ ಮಸುಕಾಗುತ್ತದೆ, ಜೊತೆಗೆ ಅದರ ಕಾವೂ ತಗ್ಗುತ್ತದೆ.

ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಜೊತೆಗಾರರು ಇದನ್ನು ಬಗೆಬಗೆಯಾಗಿ ಪರೀಕ್ಷಿಸಿದರು. ಸ್ಲೇಟಿನ ಜಾಗ ತಿನ್ನುವುದೇ ಗುಟ್ಟಾದರೆ ಕಣ್ಣೇ ಯಾಕೆ ಬೇಕು? ನಿಜ, ಸಂಖ್ಯೆಗಳನ್ನು ಹಿಂದಿನಿಂದ ಎಣಿಸುತ್ತಾ ನೆನಪಿಸಿಕೊಂಡಾಗಲೂ ಚಿತ್ರ ಮಸುಕಾಯಿತು. ಟೆಟ್ರಿಸ್ ಆಡಿದರೂ ಆಯಿತು. ಆದರೆ ಕೆಲಸ ಹದವಾಗಿರಬೇಕು. ತೀರಾ ಸುಲಭವಾದರೆ ಚಿತ್ರ ಕದಲುವುದಿಲ್ಲ. ತೀರಾ ಕಷ್ಟವಾದರೆ ನೆನಪು ಸ್ಲೇಟಿಗೆ ಬರುವುದೇ ಇಲ್ಲ. ಹದಿನೇಳರ ಮಗ್ಗಿಯನ್ನು ಹಿಂದುಮುಂದಾಗಿ ಹೇಳು ಅಂದರೆ ನನಗಂತೂ ಯಾವ ನೆನಪೂ ಬರಲಾರದು. ಬೆರಳು ನೋಡುವುದಕ್ಕೆ ಓದು ಬೇಡ, ಲೆಕ್ಕ ಬೇಡ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಹೊತ್ತಿಗೆ ಮಸುಕಾದದ್ದು ಮುಂದೆಯೂ ಯಾಕೆ ಮಸುಕಾಗಿಯೇ ಇರಬೇಕು? ಇಲ್ಲಿ ಸಹಾಯಕ್ಕೆ ಬರುವುದು 2000ದಲ್ಲಿ ನ್ಯೂಯಾರ್ಕಿನಲ್ಲಿ ಇಲಿಗಳ ಮೇಲೆ ನಡೆದ ಕೆಲಸ. ನೆನಪು ಒಮ್ಮೆ ಕೂತರೆ ಗಟ್ಟಿ ಎಂದು ಎಲ್ಲರೂ ನಂಬಿದ್ದರು. ಕರೀಮ್ ನಾದರ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆ: ಭಯದ ನೆನಪನ್ನು ಎಬ್ಬಿಸಿದಾಗ ಅದು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಮತ್ತೆ ಹೊಸದಾಗಿ ಗಟ್ಟಿಯಾಗಬೇಕಾಗುತ್ತದೆ. ಹಾಗಾದರೆ ಮಸುಕಾದ ಪ್ರತಿಯೇ ಪೆಟ್ಟಿಗೆಗೆ ವಾಪಸ್ ಹೋಗುತ್ತಿರಬಹುದು. ಮನುಷ್ಯರಲ್ಲೂ ಹೀಗೇ ಆಗುತ್ತದೆ ಎಂಬುದು ಸದ್ಯಕ್ಕೆ ಊಹೆ.

2019ರಲ್ಲಿ ದಕ್ಷಿಣ ಕೊರಿಯಾದ ತಂಡವೊಂದು 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ಸುಳಿವು ಕೊಟ್ಟಿತು. ಒಂದು ಶಬ್ದ ಕೇಳಿದರೆ ಹೆದರಿ ಮರಗಟ್ಟುವ ಹಾಗೆ ಇಲಿಗಳಿಗೆ ಮೊದಲೇ ಪಾಠವಾಗಿತ್ತು. ಆ ಶಬ್ದದ ಜೊತೆ ಬೆಳಕನ್ನು ಆಚೀಚೆ ಓಡಿಸಿದಾಗ ಮರಗಟ್ಟುವುದು ಕಡಿಮೆಯಾಯಿತು, ಆಮೇಲೂ ಸುಲಭಕ್ಕೆ ಮರುಕಳಿಸಲಿಲ್ಲ. ಕಣ್ಣಿನ ಚಲನೆ ನೋಡಿಕೊಳ್ಳುವ ಮೆದುಳಿನ ಭಾಗದಿಂದ ಹೊರಟ ಸಂಕೇತ, ಭಯದ ಕೇಂದ್ರವಾದ ಅಮಿಗ್ಡಾಲಾವನ್ನು ತಣ್ಣಗೆ ಮಾಡುತ್ತಿತ್ತು. ಇಲಿಗೆ ಥೆರಪಿಸ್ಟ್ ಮೇಲೆ ನಂಬಿಕೆ ಇರುವುದಿಲ್ಲ, ಹಾಗಾಗಿ 'ಎಲ್ಲ ನಂಬಿಕೆಯ ಮಹಿಮೆ' ಅಂತ ತಳ್ಳಿಹಾಕುವುದು ಈಗ ಕಷ್ಟ. ಹಾಗಂತ ಇಲಿಯ ಹೆದರಿಕೆಯೂ ಮನುಷ್ಯನ ಆಘಾತವೂ ಒಂದೇ ಅಲ್ಲ.

ಬೆರಳೇ ಬೇಕೆಂದೂ ಇಲ್ಲ. 1998ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಚಂಡಮಾರುತಕ್ಕೆ ಸಿಕ್ಕಿದ್ದ ಮಕ್ಕಳಿಗೆ 'ಚಿಟ್ಟೆ ಅಪ್ಪುಗೆ' ಕಲಿಸಿದರು. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟು, ಒಂದಾದ ಮೇಲೊಂದರಂತೆ ಮೆಲ್ಲಗೆ ತಟ್ಟಿಕೊಳ್ಳುವುದು, ಅಷ್ಟೇ. 2001ರ ಗುಜರಾತ್ ಭೂಕಂಪದ ನಂತರ ಇಎಂಡಿಆರ್ ತರಬೇತಿ ನಮ್ಮ ದೇಶಕ್ಕೂ ಬಂತು.

ಈಗ ಇದನ್ನು ಪರೀಕ್ಷೆಯ ಭಯದಿಂದ ಹಿಡಿದು ಕಂಡ ಕಂಡದ್ದಕ್ಕೆಲ್ಲ ಮಾರುವವರಿದ್ದಾರೆ. ಗಟ್ಟಿ ಪುರಾವೆ ಇರುವುದು ಪಿಟಿಎಸ್‌ಡಿಗೆ. ಚುಕ್ಕೆ ಓಡಾಡುವ ಆ್ಯಪ್ ಹಾಕಿಕೊಂಡು ರಾತ್ರಿ ಒಬ್ಬರೇ ಕೂತು ದೊಡ್ಡ ಗಾಯ ಕೆದಕುವುದು ದಯವಿಟ್ಟು ಬೇಡ. ಎಬ್ಬಿಸಿದ ನೆನಪನ್ನು ಮತ್ತೆ ಮಲಗಿಸಲು ಪಕ್ಕದಲ್ಲಿ ತಿಳಿದವರು ಇರಬೇಕು. ಯಾರನ್ನು ಕೇಳಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಸೆಷನ್ ಮುಗಿಯುವ ಹೊತ್ತಿಗೆ ಅಂಕ ಇಳಿಯದೆ ಉಳಿದಿರುವುದೂ ಉಂಟು. ಆಗ ಥೆರಪಿಸ್ಟ್ ಮೊದಲು ಹುಡುಕಿಟ್ಟಿದ್ದ ಆ ನೆಮ್ಮದಿಯ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಒಂದೆರಡು ದಿನ ಕನಸು ಬೀಳಬಹುದು, ಮರೆತಿದ್ದೇನೋ ತೇಲಿ ಬರಬಹುದು, ಬಂದದ್ದನ್ನು ಒಂದು ಸಾಲು ಬರೆದಿಡಿ ಎಂದು ಹೇಳಿ ಕಳಿಸುತ್ತಾರೆ. ಮುಂದಿನ ವಾರ ಅದೇ ಕುರ್ಚಿ. ಅದೇ ಚಿತ್ರ ನೆನಪಿಸಿಕೊಳ್ಳಲು ಹೇಳಿ, ಮೊದಲು ಕೇಳುವುದು ಇಷ್ಟೇ: "ಇವತ್ತು ಎಷ್ಟು?"