ಸಾಲದ ಲೆಕ್ಕದಲ್ಲಿ ಸಿಕ್ಕಿಕೊಂಡ ಆರೋಗ್ಯ ವಿಮೆ: ಅಮೆರಿಕದ ಜಗಳದ ಹಿನ್ನೆಲೆ

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಅಮೆರಿಕದ ಕೇಂದ್ರ ಸರ್ಕಾರದ ಹಲವು ಕಚೇರಿಗಳ ಕೆಲಸ ನಿಂತಿತ್ತು. ಅಲ್ಲಿಯವರೆಗಿನ ಚರಿತ್ರೆಯಲ್ಲೇ ಅತಿ ದೀರ್ಘ ಶಟ್‌ಡೌನ್ ಅದು. ಅನುಮೋದನೆ ಸಿಗಬೇಕಿದ್ದದ್ದು ಸರ್ಕಾರದ ಖರ್ಚಿನ ಮಸೂದೆಗೆ. ಪಟ್ಟು ಬಿದ್ದದ್ದು ಆರೋಗ್ಯ ವಿಮೆಯ ಸಬ್ಸಿಡಿ ಮೇಲೆ. ಅದಕ್ಕೆ ಮೂರು ತಿಂಗಳ ಹಿಂದೆ, ಜುಲೈ 4ರಂದು ಸಹಿಯಾದ ಕಾನೂನು ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿತ್ತು, 2017ರ ತೆರಿಗೆ ಕಡಿತಗಳನ್ನು ಮುಂದುವರಿಸಿತ್ತು, ಬಡವರ ವಿಮೆಯಾದ ಮೆಡಿಕೇಯ್ಡ್‌ಗೆ ಕತ್ತರಿ ಹಾಕಿತ್ತು. ಸಾಲ, ತೆರಿಗೆ, ಆಸ್ಪತ್ರೆ ಬಿಲ್ಲು ಮೂರೂ ಒಂದೇ ಮಸೂದೆಯೊಳಗೆ ಏಕೆ ಬಂದು ಕೂತವು ಎಂಬುದು ಸುದ್ದಿ ಓದುವವರಿಗೆ ಗೊತ್ತಾಗುವುದೇ ಇಲ್ಲ. ಇದಕ್ಕೆ ಕಾರಣ ಸಿದ್ಧಾಂತಕ್ಕಿಂತ ಹೆಚ್ಚಾಗಿ ಸೆನೆಟ್‌ನ ಮತದಾನದ ನಿಯಮಗಳಲ್ಲಿದೆ.

ಮೊದಲ ಐವತ್ತು ವರ್ಷಗಳದ್ದು ಸಣ್ಣ ಕಥೆ. ಎರಡನೇ ಮಹಾಯುದ್ಧದಲ್ಲಿ ಸಂಬಳ ಏರಿಸಲು ನಿರ್ಬಂಧವಿದ್ದಾಗ ಕಂಪನಿಗಳು ಕೆಲಸಗಾರರನ್ನು ಸೆಳೆಯಲು ವಿಮೆ ಕೊಡತೊಡಗಿದವು. ಅದಕ್ಕೆ ಸಿಕ್ಕ ತೆರಿಗೆ ವಿನಾಯಿತಿ 1954ರಲ್ಲಿ ಕಾನೂನಿನಲ್ಲಿ ಗಟ್ಟಿಯಾಯಿತು. 1945ರಲ್ಲಿ ಅಧ್ಯಕ್ಷ ಟ್ರೂಮನ್ ಮುಂದಿಟ್ಟ ಎಲ್ಲರಿಗೂ ವಿಮೆಯ ಪ್ರಸ್ತಾವ ಬಿದ್ದುಹೋಯಿತು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಕಾಲದಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಯ್ಡ್ ಬಂದವು. ಕ್ಲಿಂಟನ್ ಯೋಜನೆ 1994ರಲ್ಲಿ ಮತಕ್ಕೂ ಬಾರದೆ ಸತ್ತಿತು. ಇದರ ಪಕ್ಕದಲ್ಲೇ ಸಾಲದ ಕಥೆ: 1980ರಲ್ಲಿ 1 ಲಕ್ಷ ಕೋಟಿ ಡಾಲರ್‌ಗಿಂತ ಕಡಿಮೆ, 2008ರ ಕೊನೆಗೆ 10 ಲಕ್ಷ ಕೋಟಿಗಿಂತ ಹೆಚ್ಚು, 2025ರ ಅಕ್ಟೋಬರ್‌ನಲ್ಲಿ 38 ಲಕ್ಷ ಕೋಟಿ. ನಡುವೆ 1998ರಿಂದ 2001ರವರೆಗೆ ನಾಲ್ಕು ವರ್ಷ ಬಜೆಟ್‌ನಲ್ಲಿ ಮಿಗತೆಯೂ ಇತ್ತು.

ಸಾಲದ ಮಿತಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 1917ರ ಯುದ್ಧದ ಬಾಂಡ್ ಕಾನೂನಿನಲ್ಲಿ ಇದರ ಬೇರಿದೆ. 1939ರಲ್ಲಿ ಒಟ್ಟು ಸಾಲಕ್ಕೆ 4,500 ಕೋಟಿ ಡಾಲರ್‌ನ ಒಂದೇ ಮಿತಿ ಬಂತು. ಈ ಮಿತಿ ಖರ್ಚನ್ನು ತಡೆಯುವುದಿಲ್ಲ. ಖರ್ಚು, ತೆರಿಗೆ ಎರಡನ್ನೂ ಸಂಸತ್ತು ಬೇರೆ ಕಾನೂನುಗಳಲ್ಲಿ ಆಗಲೇ ತೀರ್ಮಾನಿಸಿರುತ್ತದೆ. ಅವೆರಡರ ನಡುವಿನ ಅಂತರಕ್ಕೆ ಸಾಲ ಎತ್ತಲು ಅನುಮತಿ ಕೊಡಬೇಕೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಕಿರಾಣಿ ಅಂಗಡಿಯಿಂದ ಉದ್ರಿ ತಂದು ಅಡುಗೆ ಮಾಡಿ ಉಂಡಾದ ಮೇಲೆ, ಲೆಕ್ಕ ಚುಕ್ತಾ ಮಾಡಬೇಕೇ ಬೇಡವೇ ಎಂದು ಮನೆಯವರು ಚರ್ಚೆಗೆ ಕೂತ ಹಾಗೆ. ಮಿತಿ ಮುಟ್ಟಿದಾಗ ಖಜಾನೆ ಇಲಾಖೆ ಸರ್ಕಾರಿ ನೌಕರರ ನಿವೃತ್ತಿ ನಿಧಿಗಳಲ್ಲಿ ಹೊಸ ಹೂಡಿಕೆ ನಿಲ್ಲಿಸಿ ಕೆಲವು ತಿಂಗಳು ತಳ್ಳುತ್ತದೆ. ಆ ದಾರಿಯೂ ಮುಗಿಯುವ ದಿನ ಹತ್ತಿರವಾದಂತೆ ರಾಜಕೀಯ ಬೇಡಿಕೆಗಳು ಮೇಜಿಗೆ ಬರುತ್ತವೆ.

ಇನ್ನು ಸೆನೆಟ್‌ನ ನಿಯಮ. ನೂರು ಸದಸ್ಯರ ಆ ಸಭೆಯಲ್ಲಿ ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕು. 1974ರ ಬಜೆಟ್ ಕಾನೂನು ಇದಕ್ಕೊಂದು ಒಳದಾರಿ ಮಾಡಿಕೊಟ್ಟಿತು, ಹೆಸರು ರಿಕನ್ಸಿಲಿಯೇಷನ್. ಬಜೆಟ್‌ಗೆ ಸಂಬಂಧಿಸಿದ ಮಸೂದೆಯಾದರೆ ಸರಳ ಬಹುಮತ ಸಾಕು. ಆದರೆ ಬರ್ಡ್ ನಿಯಮದ ಜರಡಿಯಲ್ಲಿ ಪ್ರತಿ ಕಲಮೂ ಇಳಿಯಬೇಕು: ಅದು ಸರ್ಕಾರದ ಆದಾಯವನ್ನೋ ಖರ್ಚನ್ನೋ ಬದಲಿಸಲೇಬೇಕು, ಹಣದ ಪರಿಣಾಮ ನೆಪಮಾತ್ರಕ್ಕೆ ಇರಬಾರದು, ಬಜೆಟ್‌ನ ಅವಧಿ, ಅಂದರೆ ಸಾಮಾನ್ಯವಾಗಿ ಹತ್ತು ವರ್ಷ, ದಾಟಿದ ಮೇಲೆ ಕೊರತೆ ಹೆಚ್ಚಿಸಬಾರದು. ಎರಡು ಪಕ್ಷಗಳಲ್ಲಿ ಯಾವುದಕ್ಕೂ 60 ಮತ ಸುಲಭಕ್ಕೆ ಸಿಗದ ಈ ಕಾಲದಲ್ಲಿ ಆರೋಗ್ಯ ನೀತಿ ಬದಲಾಗಬೇಕಾದರೆ ಅದು ಹಣಕಾಸಿನ ಕಲಮಿನ ವೇಷ ಹಾಕಿಕೊಂಡೇ ಬರಬೇಕು. ಅಲ್ಲಿಂದ ಮುಂದೆ ಚಿಕಿತ್ಸೆಯ ಪ್ರಶ್ನೆಗಳೆಲ್ಲ ಕೊರತೆಯ ಪ್ರಶ್ನೆಗಳಾಗಿಬಿಡುತ್ತವೆ.

2009-10ರ ಅಫೋರ್ಡಬಲ್ ಕೇರ್ ಆಕ್ಟ್, ಜನರ ಬಾಯಲ್ಲಿ ಒಬಾಮಾ ಕೇರ್, ಇದಕ್ಕೆ ಒಳ್ಳೆಯ ಉದಾಹರಣೆ. ಸೆನೆಟ್ ಅದನ್ನು 2009ರ ಡಿಸೆಂಬರ್ 24ರಂದು 60-39ರಲ್ಲಿ ಪಾಸು ಮಾಡಿತು. ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಉಪಚುನಾವಣೆಯಲ್ಲಿ ಡೆಮಾಕ್ರಟರ 60ನೇ ಸ್ಥಾನ ಕೈತಪ್ಪಿತು. ಹಾಗಾಗಿ ಕೆಳಮನೆ ಸೆನೆಟ್‌ನ ಪ್ರತಿಯನ್ನೇ ಅಕ್ಷರ ಬದಲಿಸದೆ 219-212ರಲ್ಲಿ ಒಪ್ಪಿತು. ತಿದ್ದಬೇಕಿದ್ದ ಹಣದ ವಿಷಯಗಳನ್ನು ಬೇರೊಂದು ರಿಕನ್ಸಿಲಿಯೇಷನ್ ಮಸೂದೆಯಲ್ಲಿ ತಿದ್ದಲಾಯಿತು.

ಆಗ ಸಂಸತ್ತಿನ ಬಜೆಟ್ ಕಚೇರಿ ಕೊಟ್ಟ ಲೆಕ್ಕ ಹೀಗಿತ್ತು: ಎರಡೂ ಕಾನೂನು ಸೇರಿ ಹತ್ತು ವರ್ಷದಲ್ಲಿ ಕೊರತೆ 14,300 ಕೋಟಿ ಡಾಲರ್ ಇಳಿಯುತ್ತದೆ. ಖರ್ಚಿನ ಕಡೆ ಮೆಡಿಕೇಯ್ಡ್ ವಿಸ್ತರಣೆ ಮತ್ತು ವಿಮೆ ಸಬ್ಸಿಡಿ. ಆದಾಯದ ಕಡೆ ಮೆಡಿಕೇರ್‌ನಲ್ಲಿ ಆಸ್ಪತ್ರೆಗಳಿಗೂ ಖಾಸಗಿ ಯೋಜನೆಗಳಿಗೂ ಕೊಡುವ ದರದ ಏರಿಕೆಗೆ ಕಡಿವಾಣ, ಹೆಚ್ಚು ಸಂಬಳದವರ ಮೇಲೆ 0.9%, ಅವರ ಹೂಡಿಕೆ ಆದಾಯದ ಮೇಲೆ 3.8%, ವೈದ್ಯಕೀಯ ಉಪಕರಣಗಳ ಮೇಲೆ 2.3% ತೆರಿಗೆ, ವಿಮಾ ಕಂಪನಿಗಳ ಮೇಲೆ ವಾರ್ಷಿಕ ಶುಲ್ಕ, ಮತ್ತು ದುಬಾರಿ ಕಂಪನಿ ವಿಮೆಗಳ ಮೇಲೆ 2018ರಿಂದ 40%ರ 'ಕ್ಯಾಡಿಲಾಕ್ ತೆರಿಗೆ'.

ಈ ಪಟ್ಟಿ ಮುಂದೆ ಏನಾಯಿತು ಎಂಬುದನ್ನು ಒಂದೊಂದಾಗಿ ನೋಡಬೇಕು. ದೀರ್ಘಕಾಲದ ಆರೈಕೆಗೆಂದು ಇದ್ದ ಕ್ಲಾಸ್ ಎಂಬ ಐಚ್ಛಿಕ ವಿಮೆ, ಮೊದಲ ಹತ್ತು ವರ್ಷದ ಲೆಕ್ಕದಲ್ಲಿ ಸುಮಾರು 7,000 ಕೋಟಿ ಡಾಲರ್ 'ಉಳಿತಾಯ' ತೋರಿಸಿತ್ತು. ಪ್ರೀಮಿಯಂ ಮೊದಲು ಬರುತ್ತದೆ, ಪರಿಹಾರ ಆಮೇಲೆ ಹೋಗುತ್ತದೆ ಎಂಬುದಷ್ಟೇ ಆ ಉಳಿತಾಯದ ಗುಟ್ಟು. ಆರೋಗ್ಯವಂತರು ಸೇರದೆ ಕಾಯಿಲೆಯವರೇ ಸೇರಿದರೆ ಯೋಜನೆ ನಿಲ್ಲುವುದಿಲ್ಲವೆಂದು ಇಲಾಖೆಯೇ 2011ರಲ್ಲಿ ಕೈಬಿಟ್ಟಿತು, 2013ರ ಜನವರಿಯಲ್ಲಿ ಅದು ರದ್ದಾಯಿತು. ಕ್ಯಾಡಿಲಾಕ್ ತೆರಿಗೆ 2018ರಿಂದ 2020ಕ್ಕೆ, ಅಲ್ಲಿಂದ 2022ಕ್ಕೆ ಮುಂದೆ ಹೋಯಿತು. ಅದನ್ನು ತೆಗೆಯಲು 2019ರಲ್ಲಿ ಕೆಳಮನೆಯಲ್ಲಿ ಬಿದ್ದ ಮತ 419-6. ಒಂದು ಡಾಲರೂ ವಸೂಲಾಗದೆ ಅದು ಆ ಡಿಸೆಂಬರ್‌ನಲ್ಲಿ ರದ್ದಾಯಿತು, ಜೊತೆಗೆ ಉಪಕರಣ ತೆರಿಗೆ ಮತ್ತು ವಿಮಾ ಕಂಪನಿ ಶುಲ್ಕವೂ ಹೋದವು. ವೆಚ್ಚ ತಗ್ಗಿಸಲು ಅರ್ಥಶಾಸ್ತ್ರಜ್ಞರು ಪಕ್ಷಭೇದವಿಲ್ಲದೆ ಮೆಚ್ಚಿದ್ದ ಕ್ಯಾಡಿಲಾಕ್ ತೆರಿಗೆಯನ್ನು ಎರಡೂ ಪಕ್ಷಗಳು ಒಟ್ಟಾಗಿ ಅಳಿಸಿದವು.

2010ರ ಚುನಾವಣೆಯಲ್ಲಿ ಕೆಳಮನೆ ರಿಪಬ್ಲಿಕನ್ನರ ಕೈಗೆ ಬಂತು, ಸಾಲದ ಮಿತಿ ಚೌಕಾಶಿಯ ಆಯುಧವಾಯಿತು. 2011ರ ಆಗಸ್ಟ್ 2ರಂದು, ಹಣ ಮುಗಿಯುತ್ತದೆಂದು ಖಜಾನೆ ಹೇಳಿದ್ದ ದಿನವೇ, ಒಪ್ಪಂದವಾಯಿತು. ಮೂರು ದಿನದ ನಂತರ ರೇಟಿಂಗ್ ಸಂಸ್ಥೆ ಸ್ಟ್ಯಾಂಡರ್ಡ್ ಆ್ಯಂಡ್ ಪೂರ್ಸ್ ಅಮೆರಿಕದ ಸಾಲದ ಶ್ರೇಣಿಯನ್ನು ಮೊದಲ ಬಾರಿಗೆ ಇಳಿಸಿತು. ಆ ಒಪ್ಪಂದದಿಂದ ಹುಟ್ಟಿದ ಹನ್ನೆರಡು ಜನರ ಸಮಿತಿ ಒಮ್ಮತಕ್ಕೆ ಬರದ ಕಾರಣ ತಾನಾಗಿ ಜಾರಿಯಾಗುವ ಕಡಿತಗಳು 2013ರಲ್ಲಿ ಶುರುವಾದವು. ಮೆಡಿಕೇರ್ ಆಸ್ಪತ್ರೆ, ವೈದ್ಯರಿಗೆ ಕೊಡುವ ಹಣದಲ್ಲಿ 2% ಕಡಿತ ಅದರಲ್ಲೊಂದು. 2021ಕ್ಕೆ ಮುಗಿಯಬೇಕಿದ್ದ ಈ ಕಡಿತವನ್ನು ಬೇರೆ ಬೇರೆ ಮಸೂದೆಗಳ ಖರ್ಚು ಸರಿದೂಗಿಸಲು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಎಳೆದು 2030ರ ದಶಕದವರೆಗೆ ತಂದಿದ್ದಾರೆ. ದೂರದ ವರ್ಷದ ಉಳಿತಾಯ ಇಂದಿನ ಖರ್ಚಿಗೆ ಜಮೆ.

2012ರ ಜೂನ್ 28ರಂದು ಸುಪ್ರೀಂ ಕೋರ್ಟ್ ವಿಮೆ ಕಡ್ಡಾಯವನ್ನು, ಅಂದರೆ ವಿಮೆ ಹೊಂದಿರಲೇಬೇಕು, ಇಲ್ಲದಿದ್ದರೆ ದಂಡ ಎಂಬ ಒಬಾಮಾ ಕೇರ್ ಕಲಮನ್ನು, ತೆರಿಗೆಯೆಂದು ಎತ್ತಿಹಿಡಿದು, ಮೆಡಿಕೇಯ್ಡ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. 2013ರ ಅಕ್ಟೋಬರ್‌ನಲ್ಲಿ ಕಾನೂನಿಗೆ ಹಣ ನಿಲ್ಲಿಸಬೇಕೆಂದು 16 ದಿನ ಶಟ್‌ಡೌನ್ ನಡೆಯಿತು, ಕಾನೂನು ಉಳಿಯಿತು.

2017ರಲ್ಲಿ ರದ್ದತಿಯ ಪ್ರಯತ್ನ ಅದೇ ಒಳದಾರಿಯಲ್ಲಿ ಬಂತು. ಹಳೆ ಕಾಯಿಲೆಯಿದ್ದವರಿಗೂ ವಿಮೆ ನಿರಾಕರಿಸಬಾರದು ಎಂಬಂಥ ಕಲಮುಗಳನ್ನು ಬರ್ಡ್ ನಿಯಮದ ಕೆಳಗೆ ಅಳಿಸುವುದು ಕಷ್ಟ, ಏಕೆಂದರೆ ಅವು ಕಂಪನಿಗಳ ಮೇಲಿನ ಕಟ್ಟುಪಾಡು, ಬಜೆಟ್‌ನ ಬಾಬತ್ತಲ್ಲ. ಅಳಿಸಬಹುದಾದದ್ದು ಹಣ ಮಾತ್ರ. ಜುಲೈ 28ರ ನಸುಕಿನಲ್ಲಿ ಆ ಪ್ರಯತ್ನ 49-51ರಲ್ಲಿ ಸೋತಿತು. ಆದರೆ ಡಿಸೆಂಬರ್‌ನ ತೆರಿಗೆ ಕಾನೂನು ವಿಮೆ ಕಡ್ಡಾಯದ ದಂಡವನ್ನು 2019ರಿಂದ ಸೊನ್ನೆಗೆ ಇಳಿಸಿತು. ಕಡ್ಡಾಯ ಹಾಗೇ ಉಳಿದು ದಂಡ ಮಾತ್ರ ಸೊನ್ನೆಯಾದದ್ದಕ್ಕೂ ಅದೇ ನಿಯಮ ಕಾರಣ. ಕಡ್ಡಾಯ ತೆಗೆದರೆ ಹತ್ತು ವರ್ಷದಲ್ಲಿ 33,800 ಕೋಟಿ ಡಾಲರ್ ಉಳಿಯುತ್ತದೆಂದು ಬಜೆಟ್ ಕಚೇರಿ ಅಂದಾಜಿಸಿತ್ತು. ಆ ಉಳಿತಾಯ ಬರುವುದು 1.3 ಕೋಟಿ ಜನ ವಿಮೆಯಿಂದ ಹೊರಗುಳಿದು ಅವರಿಗೆ ಸಬ್ಸಿಡಿ ಕೊಡುವುದು ತಪ್ಪುವುದರಿಂದ. ಆ ಹಣ ತೆರಿಗೆ ಕಡಿತಕ್ಕೆ ಜಾಗ ಮಾಡಿಕೊಟ್ಟಿತು. ಚಿಕಿತ್ಸೆ ಸಿಗದವರ ಸಂಖ್ಯೆ ಹೆಚ್ಚಿದಷ್ಟೂ ಕಾಗದದ ಮೇಲೆ ದೇಶದ ಸಾಲ ಸುಧಾರಿಸುವ ಲೆಕ್ಕ ಇದು.

ಈಗಿನ ಜಗಳದ ಮೂಲ 2021ರಲ್ಲಿದೆ. ಆ ವರ್ಷದ ಕೋವಿಡ್ ಪರಿಹಾರ ಕಾನೂನು ಸಬ್ಸಿಡಿ ಹೆಚ್ಚಿಸಿ, ಆದಾಯ ಎಷ್ಟೇ ಇರಲಿ, ಸಬ್ಸಿಡಿ ಲೆಕ್ಕಕ್ಕೆ ಅಳತೆಯಾಗಿಟ್ಟ ಮಾದರಿ ಯೋಜನೆಯ ಪ್ರೀಮಿಯಂ ಆದಾಯದ 8.5% ಮೀರದಂತೆ ಮಾಡಿತು. 2022ರ ಕಾನೂನು ಅದನ್ನು 2025ರ ಕೊನೆಯವರೆಗೆ ಎಳೆಯಿತು. 2025ರಲ್ಲಿ ಒಬಾಮಾ ಕೇರ್ ಮಾರುಕಟ್ಟೆಯಲ್ಲಿ, ಅಂದರೆ ಜನ ಸ್ವಂತವಾಗಿ ವಿಮೆ ಕೊಳ್ಳಲು ಆ ಕಾನೂನು ಮಾಡಿಕೊಟ್ಟ ಜಾಗದಲ್ಲಿ, ವಿಮೆ ಪಡೆದವರು ಸುಮಾರು 2.4 ಕೋಟಿ. ಮುಂದುವರಿಸಲು ಹತ್ತು ವರ್ಷಕ್ಕೆ ಸುಮಾರು 35,000 ಕೋಟಿ ಡಾಲರ್ ಬೇಕು ಎಂಬುದು ಅಂದಾಜು. ಅವಧಿ ಮುಗಿಯುವ ಸಬ್ಸಿಡಿಯನ್ನು ಮುಂದುವರಿಸುವುದು ಹೊಸ ಖರ್ಚೆಂದು ಲೆಕ್ಕಕ್ಕೆ ಬಂತು. ಅದೇ ವರ್ಷ, ಹಾಗೇ ಅವಧಿ ಮುಗಿಯುತ್ತಿದ್ದ ತೆರಿಗೆ ಕಡಿತವನ್ನು ಮುಂದುವರಿಸಿದಾಗ ಸೆನೆಟ್ 'ಈಗಿರುವುದೇ ಮುಂದುವರಿಯುತ್ತದೆ' ಎಂಬ ಆಧಾರ ಹಿಡಿದು ಅದಕ್ಕೆ ಸೊನ್ನೆ ಖರ್ಚು ಬರೆಯಿತು. ಮಾಮೂಲಿ ಆಧಾರದಲ್ಲಿ ಬಜೆಟ್ ಕಚೇರಿ ಕಂಡ ಅಂಕಿ ಬೇರೆ: ಜುಲೈ ಕಾನೂನಿನಿಂದ ಹತ್ತು ವರ್ಷದಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಹೆಚ್ಚು, 2034ರ ಹೊತ್ತಿಗೆ ವಿಮೆಯಿಲ್ಲದವರು ಒಂದು ಕೋಟಿ ಹೆಚ್ಚು. ಅಳತೆಗೋಲು ಯಾವುದೆಂಬುದನ್ನು ಮೊದಲು ಕೇಳದೆ ಈ ಜಗಳದ ಯಾವ ಅಂಕಿಯನ್ನೂ ನಂಬಬಾರದು.

ಡಿಸೆಂಬರ್‌ನಲ್ಲಿ ಸಬ್ಸಿಡಿ ಸೆನೆಟ್‌ನಲ್ಲಿ ಮತಕ್ಕೆ ಬಂದಾಗ 60 ಸಿಗಲಿಲ್ಲ. ವರ್ಷದ ಕೊನೆಗೆ ಅವಧಿ ಮುಗಿದು ಹಳೆಯ ಕಡಿದಾದ ಮಿತಿ ಮರಳಿತು. ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. 2026ರ ವಿಮೆಗೆ ಸಬ್ಸಿಡಿ ಸಿಗಬೇಕಾದರೆ ಒಬ್ಬರೇ ಇರುವವರ ಆದಾಯ ಬಡತನ ರೇಖೆಯ ನಾಲ್ಕು ಪಟ್ಟು, ಅಂದರೆ 62,600 ಡಾಲರ್, ದಾಟಬಾರದು. ಇಬ್ಬರ ಮನೆಗೆ 84,600. ಅರವತ್ತರ ಆಸುಪಾಸಿನ ಒಬ್ಬರಿಗೆ ಮಾದರಿ ಯೋಜನೆ ವರ್ಷಕ್ಕೆ 15,000 ಡಾಲರ್ ಎಂದಿಟ್ಟುಕೊಳ್ಳಿ. ಆದಾಯ ಸರಿಯಾಗಿ 62,600 ಇದ್ದರೆ ಅವರು ಕಟ್ಟುವುದು ಆದಾಯದ 9.96%, ಸುಮಾರು 6,235. ಉಳಿದ 8,765 ಸರ್ಕಾರದ್ದು. ಆದಾಯ ಒಂದು ಡಾಲರ್ ಹೆಚ್ಚಾದರೆ ಪೂರ್ತಿ 15,000 ಅವರದೇ. ಸಬ್ಸಿಡಿ ತಿಂಗಳು ತಿಂಗಳು ಮುಂಗಡವಾಗಿ ಹೋಗುತ್ತದೆ, ಆದಾಯವೋ ಅಂದಾಜು. ವರ್ಷದ ಕೊನೆಯಲ್ಲಿ ಬೋನಸ್ಸೋ ಷೇರು ಮಾರಿದ ಲಾಭವೋ ಬಂದು ಮಿತಿ ದಾಟಿದರೆ ಆ 8,765ನ್ನು ತೆರಿಗೆ ವಿವರದ ಜೊತೆ ಹಿಂತಿರುಗಿಸಬೇಕು. ಕಡಿಮೆ ಆದಾಯದವರು ಹಿಂತಿರುಗಿಸುವ ಮೊತ್ತಕ್ಕೆ ಹಿಂದೆ ಮಿತಿಯಿತ್ತು. ಜುಲೈ ಕಾನೂನು 2026ರ ತೆರಿಗೆ ವರ್ಷದಿಂದ ಅದನ್ನೂ ತೆಗೆದಿದೆ.

ಅಲ್ಲಿರುವ ಕನ್ನಡಿಗರಲ್ಲಿ ಕಂಪನಿ ವಿಮೆಯಿರುವವರಿಗೆ ಇದರ ಬಿಸಿ ನೇರವಾಗಿ ತಟ್ಟುವುದಿಲ್ಲ. ತಟ್ಟುವುದು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡ ಅಪ್ಪ ಅಮ್ಮನಿಗೆ. ಅಲ್ಲಿ ದುಡಿದು ತೆರಿಗೆ ಕಟ್ಟದವರು 65 ದಾಟಿದ್ದರೂ ಮೆಡಿಕೇರ್ ಕೊಳ್ಳಲು ಐದು ವರ್ಷ ಸತತ ವಾಸ ಆಗಿರಬೇಕು. ಮೆಡಿಕೇಯ್ಡ್‌ಗೂ ಬಹುತೇಕ ಅದೇ ಐದು ವರ್ಷದ ತಡೆ. ಆ ಅವಧಿಗೆ ಒಬಾಮಾ ಕೇರ್ ಮಾರುಕಟ್ಟೆಯೇ ದಾರಿಯಾಗಿತ್ತು. ಈ ತಡೆಯಿಂದ ಮೆಡಿಕೇಯ್ಡ್ ಸಿಗದವರಿಗೆ ಆದಾಯ ಬಡತನ ರೇಖೆಗಿಂತ ಕೆಳಗಿದ್ದರೂ ಸಬ್ಸಿಡಿ ಕೊಡುವ ವಿಶೇಷ ಕಲಮೊಂದಿತ್ತು. 2026ರ ಜನವರಿಯಿಂದ ಅದು ಇಲ್ಲ. ಮಕ್ಕಳ ತೆರಿಗೆ ವಿವರದಲ್ಲಿ ಅವಲಂಬಿತರೆಂದು ತೋರಿಸಿದರೆ ಇಡೀ ಮನೆಯ ಆದಾಯ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಯಾವ ರೀತಿ ತೆರಿಗೆ ಸಲ್ಲಿಸುವುದೆಂಬುದನ್ನು ವಿಮೆ ಕೊಳ್ಳುವ ಮೊದಲೇ ಕೂತು ಲೆಕ್ಕ ಹಾಕಬೇಕು.

ರಾಜ್ಯಗಳ ಮಟ್ಟದಲ್ಲಿ ಪೆಟ್ಟು ಬೀಳುವುದು ಆಸ್ಪತ್ರೆ ತೆರಿಗೆಯ ಮೂಲಕ. ಮೆಡಿಕೇಯ್ಡ್ ಖರ್ಚಿನಲ್ಲಿ ಕೇಂದ್ರದ ಪಾಲು 60% ಇರುವ ರಾಜ್ಯವೊಂದು ಆಸ್ಪತ್ರೆಗಳಿಂದ 100 ಡಾಲರ್ ತೆರಿಗೆ ಎತ್ತಿ, ಅದನ್ನೇ ತನ್ನ ಪಾಲೆಂದು ಹಾಕಿದರೆ ಕೇಂದ್ರದಿಂದ 150 ಬರುತ್ತದೆ. ಆಸ್ಪತ್ರೆಗಳಿಗೆ ಮೆಡಿಕೇಯ್ಡ್ ಪಾವತಿಯಾಗಿ 250 ಹೋಗುತ್ತದೆ. ಇದನ್ನು ಕೇಂದ್ರದ ಬೊಕ್ಕಸಕ್ಕೆ ಕನ್ನವೆಂದು ಕೆಲವರು ಕರೆದರೆ, ಹಳ್ಳಿಗಾಡಿನ ಆಸ್ಪತ್ರೆಗಳು ಬಾಗಿಲು ತೆರೆದಿರುವುದೇ ಇದರಿಂದ ಎನ್ನುವವರೂ ಇದ್ದಾರೆ. ಎರಡೂ ನಿಜ. ಮೆಡಿಕೇಯ್ಡ್ ವಿಸ್ತರಿಸಿದ ರಾಜ್ಯಗಳಲ್ಲಿ ಈ ತೆರಿಗೆಯ ಗರಿಷ್ಠ ಮಿತಿ 6%ರಿಂದ, 2027ರ ಅಕ್ಟೋಬರ್‌ನಲ್ಲಿ ಶುರುವಾಗುವ ಹಣಕಾಸು ವರ್ಷದಿಂದ, ವರ್ಷಕ್ಕೆ ಅರ್ಧ ಶೇಕಡಾದಂತೆ 3.5%ಕ್ಕೆ ಇಳಿಯಲಿದೆ.

ಅದಕ್ಕೂ ಮೊದಲು, 2027ರ ಜನವರಿ 1ರ ಹೊತ್ತಿಗೆ, ವಿಸ್ತರಣೆಯಡಿ ವಿಮೆ ಪಡೆದ 19ರಿಂದ 64 ವಯಸ್ಸಿನವರು ತಿಂಗಳಿಗೆ 80 ಗಂಟೆ ದುಡಿಮೆಯನ್ನೋ ಓದನ್ನೋ ಸೇವೆಯನ್ನೋ ತೋರಿಸಬೇಕು, ಆರು ತಿಂಗಳಿಗೊಮ್ಮೆ ಅರ್ಹತೆ ಪರೀಕ್ಷೆಯಾಗಬೇಕು. ಆರ್ಕನ್ಸಾ ರಾಜ್ಯ 2018ರಲ್ಲಿ ಇಂಥದ್ದೇ ನಿಯಮ ತಂದಾಗ ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರ ಮಾರ್ಚ್‌ನಲ್ಲಿ ಕೋರ್ಟ್ ಅದನ್ನು ತಡೆಯಿತು. ಗಂಟೆಗಳನ್ನು ದಾಖಲಿಸಬೇಕಿದ್ದ ವೆಬ್‌ಸೈಟ್ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ದಿನವಿಡೀ ದುಡಿದು ಬಂದವರಿಗೆ, ದುಡಿದೆ ಎಂದು ಹೇಳಲು ಉಳಿಯುತ್ತಿದ್ದ ಸಮಯವೇ ಅದು. ಈಗ ರಾಜ್ಯಗಳು ಸಂಬಳದ ದಾಖಲೆಗಳನ್ನು ನೇರವಾಗಿ ಜೋಡಿಸುವ ಸಾಫ್ಟ್‌ವೇರ್ ಸಿದ್ಧಪಡಿಸಬೇಕು. ಪ್ರಾಮಾಣಿಕ ಪ್ರಯತ್ನ ತೋರಿಸುವ ರಾಜ್ಯಕ್ಕೆ ಕೇಂದ್ರದ ಆರೋಗ್ಯ ಕಾರ್ಯದರ್ಶಿ 2028ರ ಡಿಸೆಂಬರ್ 31ರವರೆಗೆ ಸಮಯ ಕೊಡಬಹುದು. ಅದನ್ನು ಕೇಳಬೇಕೇ ಬೇಡವೇ ಎಂಬುದು ಒಂದೊಂದು ರಾಜ್ಯಕ್ಕೆ ಬಿಟ್ಟದ್ದು.