ತಾಳ ಸರಿ ಉಂಟು ಡಾಕ್ಟ್ರೇ, ಓಟ ಮಾತ್ರ ಜೋರು

ಕಟಪಾಡಿ ಕಡೆಯ ಒಬ್ರು, ಬ್ಯಾಂಕಿಂದ ರಿಟೈರ್ ಆದವ್ರು, 68 ವರ್ಷ, ಏಟ್ರಿಯಲ್ ಫಿಬ್ರಿಲೇಶನ್‌ಗೆ (ಹೃದಯದ ಮೇಲಿನ ಕೋಣೆ ತಾಳ ತಪ್ಪಿ ನಡುಗುವ ಕಾಯಿಲೆ) ಅಬ್ಲೇಶನ್ (ತೊಡೆಸಂದಿಯಿಂದ ನಳಿಗೆ ಹಾಕಿ ಆ ತಪ್ಪು ಕರೆಂಟನ್ನು ತಡೆಯುವ ಚಿಕಿತ್ಸೆ) ಮಾಡಿಸ್ಕೊಂಡು ಐದನೇ ವಾರ ನನ್ನ ಓಪಿಡಿಗೆ ಬಂದ್ರು. ಕುರ್ಚಿಯಲ್ಲಿ ಕೂರುವ ಮೊದ್ಲೇ ಹೇಳಿದ್ದು ಇಷ್ಟು: "ಡಾಕ್ಟ್ರೇ, ಮೊದ್ಲು ತಾಳ ತಪ್ತಾ ಇತ್ತು, ಈಗ ತಾಳ ಸರಿ ಉಂಟು, ಓಟ ಮಾತ್ರ ಜೋರು." ಹವ್ಯಾಸಕ್ಕೆ ಮದ್ದಳೆ ಬಾರಿಸುವವ್ರು, ಹಾಗಾಗಿ ಅವ್ರ ಕಿವಿ ಮೇಲೆ ನಂಗೆ ನಂಬಿಕೆ. ನಾಡಿ ಹಿಡಿದೆ, 136. ಮಲಗಿಸಿದೆ, 136. ಕಾರಿಡಾರಿನಲ್ಲಿ ಎರಡು ಸುತ್ತು ನಡೆಸಿ ತಂದೆ, ಆಗ್ಲೂ 136. ಇಸಿಜಿ ತೆಗೆಯುವ ಮೊದ್ಲೇ ಅರ್ಧ ಉತ್ತರ ಸಿಕ್ಕಿತ್ತು.

ಯಾಕೆ ಅಂದ್ರೆ, ಸಹಜವಾಗಿ ಓಡುವ ಹೃದಯ ಕೂತಾಗ ಇಳೀತದೆ, ನಡೆದಾಗ ಏರ್ತದೆ. ಫಿಬ್ರಿಲೇಶನ್ ಆದ್ರೆ ನಾಡಿಗೆ ಲೆಕ್ಕವೇ ಇಲ್ಲ, ಒಂದು ಬಡಿತ ಹತ್ರ, ಇನ್ನೊಂದು ದೂರ. ಏನು ಮಾಡಿದ್ರೂ ಒಂದೇ ನಂಬರಿಗೆ ಅಂಟಿಕೊಂಡಿದ್ರೆ ಹೃದಯದ ಮೇಲಿನ ಕೋಣೆಯಲ್ಲಿ ಕರೆಂಟು ಒಂದು ಸುತ್ತುದಾರಿ ಹಿಡಿದು ಗಿರಗಿರ ತಿರುಗ್ತಾ ಉಂಟು ಅಂತ ಸಂಶಯ ಪಡ್ಬೇಕು. ಇದಕ್ಕೆ ಏಟ್ರಿಯಲ್ ಫ್ಲಟ್ಟರ್ ಅಂತ ಹೆಸರು. ಮಾಮೂಲಿ ಫ್ಲಟ್ಟರಿನಲ್ಲಿ ಮೇಲಿನ ಕೋಣೆ ನಿಮಿಷಕ್ಕೆ 300ರ ಆಸುಪಾಸು ಓಡ್ತದೆ, ಎರಡಕ್ಕೊಂದು ಕೆಳಗೆ ದಾಟಿ ನಾಡಿ 150 ಆಗ್ತದೆ. ಅಬ್ಲೇಶನ್ ಆದವ್ರಲ್ಲಿ, ಅದರಲ್ಲೂ ರಿದಮ್ ಹಿಡಿದಿಡುವ ಅಮಿಯೊಡರೋನ್ ಮಾತ್ರೆ ತಿನ್ನುವವ್ರಲ್ಲಿ, ಸ್ವಲ್ಪ ನಿಧಾನ ಇರ್ಬಹುದು.

ಅಬ್ಲೇಶನ್ ಮಾಡಿದ್ದೇ ರಿದಮ್ ಸರಿ ಮಾಡ್ಲಿಕ್ಕೆ, ಮತ್ತೆ ಇದು ಎಲ್ಲಿಂದ ಬಂತು ಅಂತ ಅವ್ರ ಮನೆಯವ್ರು ಕೇಳಿದ್ರು, ಕೇಳ್ಬೇಕಾದ ಪ್ರಶ್ನೆಯೇ. ಶ್ವಾಸಕೋಶದಿಂದ ಹೃದಯದ ಎಡ ಮೇಲಿನ ಕೋಣೆಗೆ ಬರುವ ರಕ್ತನಾಳಗಳ ಬಾಯಿಯಿಂದ್ಲೇ ಈ ಫಿಬ್ರಿಲೇಶನ್ನಿನ ಕಿಡಿ ಹೆಚ್ಚಾಗಿ ಹಾರ್ತದೆ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿದ್ರು, ಅಲ್ಲಿಂದ ಈಚೆ ನಾವು ಆ ಬಾಯಿಗಳ ಸುತ್ತ ಬಿಸಿಯಲ್ಲಿ ಸುಟ್ಟೋ ವಿಪರೀತ ತಂಪು ಕೊಟ್ಟೋ ಒಂದು ಗಾಯದ ಗೆರೆ ಎಳೀತೇವೆ, ಗಾಯ ಒಣಗಿ ಕಲೆ ಆದ್ರೆ ಅದರ ಮೂಲಕ ಕರೆಂಟು ದಾಟುವುದಿಲ್ಲ. ಗದ್ದೆಗೆ ಹುಣಿ ಕಟ್ಟಿದ ಹಾಗೆ. ಆದ್ರೆ ಹುಣಿಯಲ್ಲಿ ಏಡಿ ಒಂದು ತೂತು ಮಾಡಿದ್ರೆ ಸಾಕಲ್ಲ, ರಾತ್ರಿ ಬೆಳಗಾಗುವುದರೊಳಗೆ ನೀರು ಪಕ್ಕದ ಗದ್ದೆಗೆ. ಇಲ್ಲಿಯೂ ಹಾಗೇ, ಗೆರೆಯಲ್ಲಿ ಎಲ್ಲೋ ಸಣ್ಣ ಸಂದು ಉಳಿದ್ರೆ ಕರೆಂಟು ಆ ಸಂದಿನಲ್ಲಿ ನಿಧಾನಕ್ಕೆ ನುಸುಳಿ ಕಲೆಯನ್ನೇ ಸುತ್ತು ಹಾಕಿ ವಾಪಸ್ ಅಲ್ಲಿಗೇ ಬರ್ತದೆ. ಕೆಲವು ಸಲ ನಾವೇ ಎಳೆದ ಗೆರೆ ಹೊಸ ಸುತ್ತುದಾರಿಗೆ ಅಂಚು ಕಟ್ಟಿಕೊಟ್ಟ ಹಾಗೂ ಆಗ್ತದೆ, ಇದನ್ನು ಪೇಶಂಟಿಗೆ ಮೊದ್ಲೇ ಹೇಳ್ಬೇಕು, ನಾವು ಡಾಕ್ಟ್ರುಗಳು ಹೇಳುವುದು ಕಮ್ಮಿ.

ಹಾಗಂತ ಮೊದಲ ವಾರಗಳಲ್ಲಿ ಬಡಿತ ಏರುಪೇರಾದ್ರೆ ಅಬ್ಲೇಶನ್ ಫೇಲ್ ಅಂತಲ್ಲ. ಸುಟ್ಟ ಜಾಗ ಊದಿರ್ತದೆ, ಉರಿಯೂತ ಇರ್ತದೆ, ಅದು ಇಳಿಯುವ ತನಕ ಹೃದಯಕ್ಕೆ ಕಿರಿಕಿರಿ. ಮುಂಚೆ 3 ತಿಂಗಳು ಲೆಕ್ಕಕ್ಕೆ ಹಿಡೀಬೇಡಿ ಅಂತಿದ್ದೆವು, 2024ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದಲ್ಲಿ ಅದನ್ನು 2 ತಿಂಗಳಿಗೆ ಇಳಿಸಿದ್ದಾರೆ. ಲೆಕ್ಕಕ್ಕೆ ಹಿಡೀಬೇಡಿ ಅಂದ್ರೆ ಎರಡನೇ ಅಬ್ಲೇಶನ್‌ಗೆ ಅವಸರ ಬೇಡ ಅಂತ ಅರ್ಥ, ಮನೆಯಲ್ಲಿ ಕೂತು ಸಹಿಸ್ಕೊಳ್ಳಿ ಅಂತಲ್ಲ! ಇಡೀ ದಿನ 136ರಲ್ಲಿ ವಾರಗಟ್ಲೆ ಓಡಿದ್ರೆ ಹೃದಯದ ಸ್ನಾಯುವೇ ಸೋಲ್ತದೆ.

ಇವರಿಗೆ ಶಾಕ್ ಕೊಟ್ಟು ರಿದಮ್ ಸರಿ ಮಾಡುವ ಅಂದುಕೊಂಡೆ. ಹತ್ತು ನಿಮಿಷದ ಕೆಲಸ. "ರಕ್ತ ತೆಳು ಮಾಡುವ ಮಾತ್ರೆ ಒಂದು ದಿನವೂ ಬಿಟ್ಟಿಲ್ಲ ಅಲ್ವಾ?" ಅಂತ ಕೇಳಿದೆ. ಅವ್ರು ಹೆಂಡತಿ ಮುಖ ನೋಡಿದ್ರು. ಅಮ್ಮ ಹೇಳಿದ್ರು, "ಏಕಾದಶಿ ಎರಡೂ ಬಿಟ್ಟಿದ್ದಾರೆ, ಮತ್ತೆ ತೊಡೆ ಕಪ್ಪಾಯ್ತು ಅಂತ ಮೊದ್ಲ ವಾರ ನಾಲ್ಕು ದಿನ."

ಎಂತ ಮಾಡುವುದು ಮಾರಾಯ್ರೆ! ಅವರದ್ದು ರಿವರೊಕ್ಸಬಾನ್, ರಾತ್ರಿ ಊಟದ ಜೊತೆ ತಗೊಳ್ಳುವಂಥದ್ದು, ಹೊಟ್ಟೆ ಖಾಲಿ ಇದ್ರೆ ಅದು ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಊಟದ ಜೊತೆ ತಗೊಳ್ಳಿ ಅಂತ ಚೀಟಿಯಲ್ಲಿ ಬರೆದದ್ದು, ಏಕಾದಶಿ ದಿನ ಊಟ ಇಲ್ಲ, ಹಾಗಾಗಿ ಮಾತ್ರೆಯೂ ಇಲ್ಲ. ಅವ್ರ ತರ್ಕದಲ್ಲಿ ತಪ್ಪೇ ಇಲ್ಲ ನೋಡಿ. ಉಡುಪಿಯಲ್ಲಿ ಪ್ರಾಕ್ಟೀಸ್ ಮಾಡಿಕೊಂಡು ಏಕಾದಶಿ ಉಂಟಾ ಅಂತ ಕೇಳದ್ದು ನನ್ನ ತಪ್ಪು. ಉಪವಾಸ ಮಾಡುವವ್ರು ಮೊದ್ಲೇ ಹೇಳಿದ್ರೆ ಊಟದ ಹಂಗಿಲ್ಲದ ಎಪಿಕ್ಸಬಾನ್‌ಗೆ ಬದಲಾಯಿಸ್ಬಹುದು, ದಿನಕ್ಕೆ ಎರಡು ಸಲ ತಗೊಳ್ಬೇಕು ಅಷ್ಟೆ.

ತೊಡೆಯ ಕಪ್ಪಿನ ವಿಷಯ: ಕ್ಯಾಥೆಟರ್ (ಅಬ್ಲೇಶನ್ನಿನ ತೆಳು ನಳಿಗೆ) ಹಾಕಿದ ತೊಡೆಸಂದಿಯಿಂದ ಕಪ್ಪು ಕೆಳಗೆ ಹರಡಿ, ನೀಲಿ ಹಸಿರಾಗಿ ಹಳದಿಯಾಗಿ ಹೋಗ್ತದೆ, ಮೂರು ವಾರವೂ ಹಿಡೀಬಹುದು. ಗಂಟು ಬೆಳೀತಾ ಇದ್ರೆ, ಮುಟ್ಟಿದ್ರೆ ಮಿಡಿತ ಸಿಕ್ಕಿದ್ರೆ ಅದೇ ದಿನ ಸ್ಕ್ಯಾನ್ ಬೇಕು. ಬರೀ ಕಪ್ಪಿರ್ಲಿ, ಗಂಟಿರ್ಲಿ, ಮಾತ್ರೆ ನಿಲ್ಲಿಸುವ ತೀರ್ಮಾನ ಮನೆಯದ್ದಲ್ಲ.

ಶಾಕಿಗೆ ಮೊದ್ಲು ಕನಿಷ್ಠ 3 ವಾರ ಬಿಡದೆ ಮಾತ್ರೆ ಹೋಗಿರ್ಬೇಕು, ಇಲ್ಲದಿದ್ರೆ ಹೃದಯದ ಒಳಗೆ ರಕ್ತದ ಹೆಪ್ಪು ಇಲ್ಲ ಅಂತ ಖಾತ್ರಿ ಆಗ್ಬೇಕು. ರಿದಮ್ ಸರಿಯಾದಾಗ ಆ ಹೆಪ್ಪು ಕಳಚಿ ಮೆದುಳಿಗೆ ಹೋದ್ರೆ ಸ್ಟ್ರೋಕ್. ಹಾಗೆ ಗಂಟಲಿನ ಮೂಲಕ ನಳಿಗೆ ಇಳಿಸಿ ಎಕೋ ಮಾಡಿ, ಹೆಪ್ಪು ಇಲ್ಲ ಅಂತ ನೋಡಿದ ಮೇಲೆಯೇ ಶಾಕ್ ಕೊಟ್ಟೆವು. ನಾಡಿ 78ಕ್ಕೆ ಬಂತು.

ಮರುದಿನ ಅವ್ರ ಮಗನ ಫೋನು, "ಅಪ್ಪನಿಗೆ ಮುಂಚೆ ವಾಚಿನಲ್ಲಿ 62 ತೋರಿಸ್ತಿತ್ತು, ಈಗ 78, ಪುನಃ ಶುರುವಾಯ್ತಾ?" ಇದು ಬೇರೆ ವಿಷಯ. ಆ ರಕ್ತನಾಳಗಳ ಬಾಯಿಯ ಹತ್ರವೇ ಹೃದಯವನ್ನು ನಿಧಾನ ಮಾಡುವ ನರದ ಗಂಟುಗಳು ಇರ್ತವೆ, ಅಬ್ಲೇಶನ್ನಿನಲ್ಲಿ ಅವಕ್ಕೂ ಸ್ವಲ್ಪ ಬಿಸಿ ತಾಗ್ತದೆ, ಆಮೇಲೆ ಸುಮ್ನೆ ಕೂತಾಗಿನ ನಾಡಿ ಸುಮಾರು 10-15 ಹೆಚ್ಚಿರ್ಬಹುದು. ತೊಂದರೆ ಇಲ್ಲ.

ಉಲ್ಟಾ ಕೇಸೂ ಉಂಟು. ಮೂಲ್ಕಿಯಿಂದ ಬರುವ ಒಬ್ರು ಅಮ್ಮನಿಗೆ ಅಬ್ಲೇಶನ್ ಆದ ಮೇಲೆ ಎರಡು ಸಲ ಕಣ್ಣು ಕತ್ತಲೆ ಬಂತು. ಹೋಲ್ಟರ್ (ಇಡೀ ದಿನ ಇಸಿಜಿ ಹಿಡಿಯುವ ಸಣ್ಣ ಯಂತ್ರ) ಹಾಕಿ ನೋಡಿದ್ರೆ ಜೋರು ಓಟ ನಿಂತ ಕೂಡ್ಲೇ 4 ಸೆಕೆಂಡು ಹೃದಯ ಸುಮ್ನೆ. ಹೃದಯದ ಸ್ವಂತ ಪೇಸ್‌ಮೇಕರ್ ನಿದ್ದೆಯಿಂದ ಏಳ್ಲಿಕ್ಕೆ ತಡ ಮಾಡ್ತಿತ್ತು, ಮೇಲಿಂದ ಬಡಿತ ಇಳಿಸುವ ಎರಡು ಮಾತ್ರೆ ಒಟ್ಟಿಗೆ. ಒಂದನ್ನು ನಿಲ್ಲಿಸಿದ ಮೇಲೆ ಸರಿ ಆಯ್ತು, ಎಲ್ಲರಿಗೂ ಹಾಗೆ ಸುಲಭದಲ್ಲಿ ಆಗುವುದಿಲ್ಲ, ಕೆಲವರಿಗೆ ಪೇಸ್‌ಮೇಕರ್ ಹಾಕ್ಬೇಕಾಗ್ತದೆ.

ರಿದಮ್ಮಿಗೆ ಸಂಬಂಧ ಇಲ್ಲದ ಒಂದು ಮಾತು, ಅಪರೂಪದ್ದು, ಆದ್ರೆ ಜೀವಕ್ಕೆ ಅಪಾಯ. ಅಬ್ಲೇಶನ್ ಆಗಿ ಎರಡರಿಂದ ಆರು ವಾರದೊಳಗೆ ಜ್ವರ, ನುಂಗುವಾಗ ನೋವು, ಮಾತು ತೊದಲುವುದು ಅಂತೆಲ್ಲ ಬಂದ್ರೆ ಕಷಾಯ ಕುಡಿದು ಮಲಗ್ಬೇಡಿ. ಹೃದಯದ ಹಿಂದೆಯೇ ಅನ್ನನಾಳ ಇರುವುದು, ಅಲ್ಲಿ ತೂತಾಗಿರ್ಬಹುದು. ಕ್ಯಾಶುವಾಲ್ಟಿಯಲ್ಲಿ ಮೊದಲ ಮಾತೇ "ಅಬ್ಲೇಶನ್ ಆಗಿದೆ" ಅಂತಿರ್ಲಿ, ಮೊದ್ಲು ಎದೆಯ ಸಿಟಿ ಸ್ಕ್ಯಾನ್ ಮಾಡ್ತಾರೆ, ಎಂಡೋಸ್ಕೋಪಿ ಅಲ್ಲ.

ನಮ್ಮ ಮದ್ದಳೆಯವ್ರಿಗೆ ಐದನೇ ತಿಂಗಳು ಅದೇ 130ರ ಓಟ ಪುನಃ ಬಂತು. ಈ ಸಲ ಅವ್ರು ಕಾಯ್ಲಿಲ್ಲ, ಓಟ ಇರುವಾಗ್ಲೇ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಇಸಿಜಿ ತೆಗೆಸಿ ವಾಟ್ಸಾಪಿನಲ್ಲಿ ಕಳಿಸಿದ್ರು. ಓಟ ನಿಂತ ಮೇಲೆ ತೆಗೆದ ಹತ್ತು ಇಸಿಜಿಗಿಂತ ಇಂಥ ಒಂದು ನಂಗೆ ಹೆಚ್ಚು ಉಪಯೋಗ. ಎರಡನೇ ಅಬ್ಲೇಶನ್ನಿನಲ್ಲಿ ಎಡಗಡೆ ನಾಳಗಳ ಅಂಚಿನಲ್ಲಿ ಸಂದು ಸಿಕ್ಕಿತು, ಮುಚ್ಚಿದೆವು.

ಈಗ ರಿದಮ್ ಚೆನ್ನಾಗಿ ಉಂಟು, ಜಗಳ ಮಾತ್ರ ಮಾತ್ರೆದ್ದು. "ತಾಳವೂ ಸರಿ, ಓಟವೂ ಸರಿ, ಮತ್ತೆ ಮಾತ್ರೆ ಯಾಕೆ?" ಅಂತಾರೆ. ವಯಸ್ಸು 65 ದಾಟಿದ್ದಕ್ಕೆ ಒಂದು ಅಂಕ, ಬಿಪಿಗೆ ಒಂದು, ಶುಗರಿಗೆ ಒಂದು, ಒಟ್ಟು ಮೂರು, ಸ್ಟ್ರೋಕಿನ ಲೆಕ್ಕ ನಡೆಯುವುದು ಈ ಅಂಕದ ಮೇಲೆ, ಇಸಿಜಿ ಮೇಲೆ ಅಲ್ಲ ಅಂತ ಬ್ಯಾಂಕಿನವ್ರಿಗೆ ಪ್ರತಿ ಸಲ ಲೆಕ್ಕ ಹೇಳ್ತೇನೆ. ಒಪ್ಪಿದ್ದಾರಾ ಗೊತ್ತಿಲ್ಲ. ಆದ್ರೆ ಕಳೆದ ಸಲ ಅವ್ರ ಹೆಂಡತಿ ಅಡುಗೆಮನೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದು ಮೇಜಿನ ಮೇಲೆ ಬಿಡಿಸಿದ್ರು, ಏಕಾದಶಿ ಮನೆಗಳಲ್ಲೂ ಬೆಳಿಗ್ಗೆ ಒಂದು, ರಾತ್ರಿ ಒಂದು ಗೀಟು ಇತ್ತು.